ಡೈರೆಕ್ಟರ್ ಕರೆದರೆ ಜಗಳ ತೆಗೆದಂತೆಯೇ? ಕ್ಲಬ್ ಬ್ರಿಜ್‌ನ ನಡವಳಿಕೆ, ನಿಯಮ, ದಂಡದ ಚರ್ಚೆ

ಉತ್ತರದಿಕ್ಕು

ವಾರಕ್ಕೊಂದು ಸಂಜೆ, ಏಳು ಟೇಬಲ್, ಡ್ಯೂಪ್ಲಿಕೇಟ್ ಪೇರ್ಸ್ (ಒಂದೇ ಹಂಚಿಕೆಯ ಎಲೆಗಳನ್ನು ಎಲ್ಲ ಟೇಬಲ್ಲಿನಲ್ಲೂ ಆಡಿ, ಜೋಡಿಗಳ ಅಂಕ ಹೋಲಿಸುವ ಬ್ರಿಜ್). ಸಂಬಳದ ಡೈರೆಕ್ಟರ್ (ನಿಯಮದ ತೀರ್ಪು ಕೊಡುವವರು) ಇಲ್ಲ, ಆಡುವವರಲ್ಲೇ ಒಬ್ಬರು ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಇಂಥ ಕಡೆ ನಿಯಮವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? ಯಾರಾದರೂ "ಡೈರೆಕ್ಟರ್" ಅಂದ ಕೂಡಲೇ ಎದುರಿನವರಿಗೆ ಸಿಟ್ಟು, "ನಾನೇನು ಮೋಸ ಮಾಡಿದ್ನಾ?" ಅಂತ ಶುರು. ಅದಕ್ಕೇ ರಿವೋಕ್ (ಕೇಳಿದ ಸೂಟಿನ ಎಲೆ ಕೈಯಲ್ಲಿದ್ದೂ ಬೇರೆ ಸೂಟಿನದು ಹಾಕುವುದು) ಆದರೂ "ಒಂದು ಟ್ರಿಕ್ (ನಾಲ್ವರ ಒಂದೊಂದು ಎಲೆಯ ಸುತ್ತು) ತಗೊಳ್ಳಿ, ಮುಂದೆ ಹೋಗೋಣ" ಎಂದು ಟೇಬಲ್ಲಿನಲ್ಲೇ ಮುಗಿಸಿಬಿಡುವ ಅಭ್ಯಾಸ. ಒಂದು ಪುಟದ ಲಿಖಿತ ಪಟ್ಟಿ ಮಾಡಿ ಗೋಡೆಗೆ ಹಾಕಬೇಕೆಂದಿದೆ. ಮುಖ್ಯವಾಗಿ ಮೂರು ವಿಷಯ: ರಿವೋಕ್, ತುಂಬ ಯೋಚಿಸಿ ಪಾಸ್ ಮಾಡುವುದು (ಇಷ್ಟು ಟ್ರಿಕ್ ಗೆಲ್ಲುತ್ತೇವೆ ಎಂಬ ಬಿಡ್ ಹಾಕದೆ ಬಿಡುವುದು), ಜೊತೆಗಾರರನ್ನು ಎಲ್ಲರೆದುರು ಬೈಯುವುದು.

ರೀಡಬಲ್

ಪಟ್ಟಿಯ ಮೊದಲ ಸಾಲು ಇದಾಗಲಿ: ತಪ್ಪು ನಡೆದಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ ಕ್ಷಣ ಡೈರೆಕ್ಟರನ್ನು ಕರೆಯಲೇಬೇಕು. ಇದು ಕ್ಲಬ್ಬಿನ ಇಷ್ಟಾನಿಷ್ಟದ ಮಾತಲ್ಲ, ಡ್ಯೂಪ್ಲಿಕೇಟ್ ಬ್ರಿಜ್ ನಿಯಮಾವಳಿಯ (2017ರ ಆವೃತ್ತಿ) 9ನೇ ನಿಯಮ. 10ನೇ ನಿಯಮ ಇನ್ನೂ ಸ್ಪಷ್ಟ: ದಂಡ ಹಾಕುವ ಅಥವಾ ಮಾಫಿ ಮಾಡುವ ಹಕ್ಕು ಆಟಗಾರರಿಗಿಲ್ಲ.

"ನಮ್ಮ ಅಂಕ, ನಾವು ಬಿಟ್ಟುಕೊಟ್ಟರೆ ನಿಮಗೇನು?" ಅನ್ನುವವರಿಗೆ ಲೆಕ್ಕವನ್ನೇ ತೋರಿಸಿ. ಏಳು ಟೇಬಲ್, ಸೋಲಿಸಿದ ಪ್ರತಿ ಜೋಡಿಗೆ 2, ಸಮವಾದರೆ 1, ಟಾಪ್ (ಒಂದು ಹಂಚಿಕೆಯಲ್ಲಿ ಸಿಗುವ ಗರಿಷ್ಠ ಅಂಕ) 12. ವಲ್ನರಬಲ್ (ಲಾಭವೂ ನಷ್ಟವೂ ಹೆಚ್ಚಿರುವ ಸ್ಥಿತಿ) ನಾಲ್ಕು ಸ್ಪೇಡ್, ಅಂದರೆ ಸ್ಪೇಡ್ ಟ್ರಂಪ್ (ತುರುಪು) ಆಗಿ ಹತ್ತು ಟ್ರಿಕ್ ಗೆಲ್ಲುವ ಪಣ. ಬೇರೆ ಆರು ಟೇಬಲ್ಲಿನಲ್ಲಿ ಉತ್ತರ-ದಕ್ಷಿಣದವರ ಅಂಕ 650, 650, 620, 620, 620, ಒಂದು ಕಡೆ ಮೈನಸ್ 100. ನಿಮ್ಮ ಟೇಬಲ್ಲಿನಲ್ಲಿ ಎದುರಾಳಿಯ ರಿವೋಕ್‌ನಿಂದ ನಿಮಗೆ 650 ಬರಬೇಕಿತ್ತು, ದೊಡ್ಡ ಮನಸ್ಸು ಮಾಡಿ 620 ಬರೆದುಕೊಂಡಿರಿ. 650 ಆಗಿದ್ದರೆ ನಿಮಗೆ 10, ಈಗ 5. ನೀವು ಕಳೆದುಕೊಂಡ 5 ರಿವೋಕ್ ಮಾಡಿದ ಜೋಡಿಗೆ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಎಲೆಗಳನ್ನು ಪೂರ್ವ-ಪಶ್ಚಿಮದಲ್ಲಿ ಕೂತು ಆಡಿದ ಬೇರೆ ಐದು ಜೋಡಿಗಳಿಗೆ ತಲಾ ಒಂದೊಂದು ಅಂಕ ಕಡಿಮೆಯಾಯಿತು. ಆ ಹತ್ತು ಜನರನ್ನು ಯಾರೂ ಕೇಳಿರಲಿಲ್ಲ.

ಹಳೆ ರಬ್ಬರ್

ಲೆಕ್ಕ ಸರಿ. ಆದರೆ ನಮ್ಮ ಕಡೆಯ ಎಷ್ಟೋ ಕ್ಲಬ್‌ಗಳಲ್ಲಿ ಜನ ರಬ್ಬರ್ ಬ್ರಿಜ್‌ನಿಂದ, ಅದಕ್ಕೂ ಮೊದಲು ಇಪ್ಪತ್ತೆಂಟು ಎಂಬ ಇಸ್ಪೀಟಾಟದಿಂದ ಬಂದವರು. ಅಲ್ಲಿ ಡೈರೆಕ್ಟರ್ ಅನ್ನುವವರೇ ಇಲ್ಲ, ನಾಲ್ಕು ಜನ ಒಪ್ಪಿದರೆ ಅದೇ ನ್ಯಾಯ. ಅರವತ್ತು ದಾಟಿದವರಿಗೆ ಏಕಾಏಕಿ ನಿಯಮದ ಪುಸ್ತಕ ತೋರಿಸಿದರೆ ಮುಂದಿನ ವಾರ ಬರುವುದಿಲ್ಲ. ಏಳು ಟೇಬಲ್ ಐದಾದರೆ ನಿಮ್ಮ ಶಿಸ್ತು ಇಟ್ಟುಕೊಂಡು ಏನು ಮಾಡ್ತೀರಿ? ಹೊಸಬರು ಮೊದಲ ಸಂಜೆಯೇ ಎರಡು ಟ್ರಿಕ್ ದಂಡ ತೆತ್ತು ಮನೆಗೆ ಹೋದರೆ ಮತ್ತೆ ಎಲೆ ಮುಟ್ಟುತ್ತಾರೆಯೇ?

ರೀಡಬಲ್

ಸರ್, ಅದಕ್ಕೆ ನಿಯಮದಲ್ಲೇ ದಾರಿ ಇದೆ. ತಪ್ಪು ಮಾಡದ ಕಡೆಯವರು ಕೇಳಿಕೊಂಡರೆ, ಸರಿಯಾದ ಕಾರಣವಿದ್ದರೆ, ಡೈರೆಕ್ಟರ್ ತನ್ನ ವಿವೇಚನೆಯಲ್ಲಿ ದಂಡ ಬಿಡಬಹುದು. 81ನೇ ನಿಯಮದಲ್ಲಿ ಡೈರೆಕ್ಟರ್‌ಗಿರುವ ಅಧಿಕಾರಗಳಲ್ಲಿ ಅದೂ ಒಂದು. ಎದುರಿಗೆ ಕೂತವರು ಕೈ ನಡುಗುವ ಹಿರಿಯರು, ಬೇಕಿದ್ದ ಎಲೆಯ ಜೊತೆ ಪಕ್ಕದ ಎಲೆಯೂ ಜಾರಿ ಬಿತ್ತು ಅಂದುಕೊಳ್ಳಿ. ಕೈ ಎತ್ತಿ ಡೈರೆಕ್ಟರನ್ನು ಕರೆದು "ಇದನ್ನು ಬಿಡಬಹುದೇ?" ಎಂದು ಕೇಳಿ. ಬಹುಪಾಲು ಬಿಡುತ್ತಾರೆ. ನೀವು ಕೇಳುವ ದಾಕ್ಷಿಣ್ಯಕ್ಕೆ ಜಾಗ ಇದೆ, ಡೈರೆಕ್ಟರ್ ಕಣ್ಣು ತಪ್ಪಿಸಿ ಮಾಡುವ ದಾಕ್ಷಿಣ್ಯಕ್ಕೆ ಇಲ್ಲ.

ಕರೆಯುವ ರೀತಿಯೂ ಮುಖ್ಯ. ಕೂಗಿ ಕರೆದರೆ ಅದು ಆರೋಪದ ಹಾಗೆಯೇ ಕೇಳುತ್ತದೆ. "ಡೈರೆಕ್ಟರ್, ಒಂದು ನಿಮಿಷ ಬರ್ತೀರಾ" ಅಂದರೆ ಸಾಕು. ತಪ್ಪು ಮಾಡಿದವರೇ ಕರೆಯುವ ರೂಢಿ ಬೆಳೆಸಿದರಂತೂ ಅರ್ಧ ತಂಟೆ ಮುಗಿಯಿತು.

ಸಿಂಗಲ್‌ಟನ್

ರಿವೋಕ್ ವಿಷಯಕ್ಕೆ ಬರೋಣ. "ರಿವೋಕ್ ಅಂದ್ರೆ ಎರಡು ಟ್ರಿಕ್" ಅನ್ನೋದು ಹಳೆಯ ತಪ್ಪು ತಿಳಿವಳಿಕೆ, "ಒಂದು ತಗೊಳ್ಳಿ" ಅನ್ನೋದು ಅದರ ಇನ್ನೊಂದು ತುದಿ.

ಮೊದಲ ಪ್ರಶ್ನೆ, ರಿವೋಕ್ ಸ್ಥಿರವಾಯಿತೇ? ತಪ್ಪಿದವರಾಗಲಿ ಅವರ ಜೊತೆಗಾರರಾಗಲಿ ಮುಂದಿನ ಟ್ರಿಕ್‌ಗೆ ಎಲೆ ಹಾಕಿದರೆ, ಅಥವಾ ಆ ಕಡೆಯವರು ಕ್ಲೇಮ್ (ಉಳಿದ ಟ್ರಿಕ್‌ಗಳಲ್ಲಿ ಇಷ್ಟು ನಮ್ಮವು ಎಂದು ಹೇಳಿ ಆಟ ನಿಲ್ಲಿಸುವುದು) ಮಾಡಿದರೆ ಇಲ್ಲವೇ ಎದುರಿನವರ ಕ್ಲೇಮ್ ಒಪ್ಪಿದರೆ, ಸ್ಥಿರ. ಅದಕ್ಕೂ ಮೊದಲು ಗೊತ್ತಾದರೆ ತಿದ್ದಲೇಬೇಕು, ಸುಮ್ಮನಿರುವಂತಿಲ್ಲ. ತಿದ್ದಿದಾಗ, ಬಿಡ್ ಗೆದ್ದು ಆಡಿಸುವ ಡಿಕ್ಲೇರರ್‌ನ ತಪ್ಪು ಎಲೆ ವಾಪಸ್ ಕೈಗೆ, ದಂಡವಿಲ್ಲ. ಡಿಫೆಂಡರ್‌ನ (ಡಿಕ್ಲೇರರ್‌ನ ಎದುರಾಳಿಯ) ಎಲೆಯಾದರೆ ಮೇಜಿನ ಮೇಲೆ ಮುಖ ಮೇಲಾಗಿ ಉಳಿಯುವ ದಂಡದ ಎಲೆ, ಮೊದಲ ಅವಕಾಶದಲ್ಲೇ ಆಡಬೇಕು.

ಸ್ಥಿರವಾಗಿದ್ದರೆ ಆಟ ಮುಗಿದ ಮೇಲೆ ಲೆಕ್ಕ. ರಿವೋಕ್ ಆದ ಟ್ರಿಕ್ಕನ್ನು ಯಾರು ಗೆದ್ದರು? ಹಾರ್ಟ್ ಹಾಕಬೇಕಿದ್ದಲ್ಲಿ ಪೂರ್ವದವರು ಕೈಯಲ್ಲಿ ಸಣ್ಣ ಹಾರ್ಟ್ ಇದ್ದೂ ಸ್ಪೇಡ್ ನಾಲ್ಕರಿಂದ ಟ್ರಂಪ್ ಮಾಡಿ ಆ ಟ್ರಿಕ್ ಎತ್ತಿಕೊಂಡರು ಅನ್ನಿ. ಆ ಟ್ರಿಕ್, ಜೊತೆಗೆ ಅವರ ಕಡೆ ಆಮೇಲೆ ಗೆದ್ದದ್ದರಲ್ಲಿ ಇನ್ನೊಂದು, ಒಟ್ಟು ಎರಡು ಹೋಗುತ್ತವೆ. ಆಮೇಲೆ ಒಂದೂ ಗೆಲ್ಲದಿದ್ದರೆ ಆ ಒಂದು ಮಾತ್ರ. ಟ್ರಂಪ್ ಮಾಡದೆ ಡೈಮಂಡ್ ಒಗೆದಿದ್ದರೆ, ಆ ಟ್ರಿಕ್ ಅಥವಾ ಆಮೇಲಿನ ಯಾವುದಾದರೂ ಅವರ ಕಡೆಗೆ ಬಂದಿದ್ದರಷ್ಟೇ ಒಂದು ಟ್ರಿಕ್. ರಿವೋಕ್‌ಗೂ ಮೊದಲು ಗೆದ್ದ ಟ್ರಿಕ್‌ಗಳನ್ನು ಮುಟ್ಟುವಂತಿಲ್ಲ. ಎಲೆಗಳನ್ನು ಮೇಜಿನ ಮೇಲೆ ಹರಡಿ ಕೂತ ಡಿಕ್ಲೇರರ್ ಜೊತೆಗಾರರ, ಅಂದರೆ ಡಮ್ಮಿಯ ರಿವೋಕ್‌ಗೂ ಈ ಟ್ರಿಕ್ ದಂಡ ಇಲ್ಲ. ಇಷ್ಟಾದ ಮೇಲೂ ತಪ್ಪು ಮಾಡದವರಿಗೆ ಆದ ನಷ್ಟ ತುಂಬದಿದ್ದರೆ ಡೈರೆಕ್ಟರ್ ಅಂಕವನ್ನೇ ಸರಿಪಡಿಸಬಹುದು. ಉದಾಹರಣೆಗೆ, ಡಮ್ಮಿಯಲ್ಲಿ ಎದ್ದು ನಿಂತ (ಖಚಿತವಾಗಿ ಗೆಲ್ಲುವ) ಐದು ಕ್ಲಬ್ ಇದ್ದು, ಅಲ್ಲಿಗೆ ಹೋಗುವ ಒಂದೇ ದಾರಿಯನ್ನು ರಿವೋಕ್ ಮುಚ್ಚಿಬಿಟ್ಟಿದ್ದರೆ ಒಂದು ಟ್ರಿಕ್ ಯಾವ ಮೂಲೆಗೂ ಸಾಲದು.

ಗಡುವೂ ಇದೆ. ತಪ್ಪು ಮಾಡದ ಕಡೆಯವರು ಮುಂದಿನ ಬೋರ್ಡಿನಲ್ಲಿ (ಮುಂದಿನ ಹಂಚಿಕೆಯಲ್ಲಿ) ಬಿಡ್ ಅಥವಾ ಪಾಸ್ ಮಾಡಿದ ಮೇಲೆ, ಅಥವಾ ರೌಂಡ್ ಮುಗಿದ ಮೇಲೆ ಎತ್ತಿದರೆ ಟ್ರಿಕ್ ದಂಡ ಇಲ್ಲ.

ಹದಿಮೂರೆಲೆ

ಮೇಲಿನದಕ್ಕೆ ಸೇರಿಸಲೇಬೇಕಾದ್ದು: ಎಷ್ಟು ಟ್ರಿಕ್ ಎಂದು ನಾಲ್ವರೂ ಒಪ್ಪುವವರೆಗೆ ಆಡಿದ ಎಲೆಗಳನ್ನು ಕಲೆಸಬೇಡಿ. ಪ್ರತಿಯೊಬ್ಬರ ಮುಂದೆಯೂ ಹದಿಮೂರು ಎಲೆ ಆಡಿದ ಕ್ರಮದಲ್ಲೇ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಕಾಣುವಂತೆ, ಗೆದ್ದದ್ದು ಉದ್ದಕ್ಕೆ ಜೊತೆಗಾರರ ಕಡೆಗೆ, ಸೋತದ್ದು ಅಡ್ಡಕ್ಕೆ. ಹೀಗಿದ್ದರೆ ರಿವೋಕ್ ದೂರು ಬಂದಾಗ ಡೈರೆಕ್ಟರ್ ಟ್ರಿಕ್ ಟ್ರಿಕ್ ತಿರುಗಿಸಿ ಎರಡೇ ನಿಮಿಷದಲ್ಲಿ ತೀರ್ಮಾನ ಹೇಳಬಹುದು. ಕೊನೆಯ ಟ್ರಿಕ್ ಬಿದ್ದ ತಕ್ಷಣ ಗುಡ್ಡೆ ಮಾಡಿ ಎತ್ತುವವರ ಟೇಬಲ್ಲಿನಲ್ಲಿ "ನಾನು ಹಾಕಿದ್ದೆ, ನೀವು ಹಾಕಲಿಲ್ಲ" ಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ.

ಎಲೆ ಅಡ್ಡ ಹಾಕಬೇಕಾದಲ್ಲಿ ಉದ್ದ ಹಾಕಿದ್ದರೆ ಡಮ್ಮಿಯಾಗಲಿ ಡಿಫೆಂಡರ್ ಆಗಲಿ ಹೇಳಬಹುದು, ಆದರೆ ಮುಂದಿನ ಟ್ರಿಕ್‌ಗೆ ಲೀಡ್ ಆಗುವುದರೊಳಗೆ (ಮೊದಲ ಎಲೆ ಬೀಳುವುದರೊಳಗೆ). ಆಮೇಲೆ ಬಾಯಿಬಿಟ್ಟರೆ ಜೊತೆಗಾರರಿಗೆ "ಇನ್ನೊಂದು ಟ್ರಿಕ್ ಬೇಕು" ಎಂದು ಸುಳಿವು ಕೊಟ್ಟಂತೆ.

ಬೋರ್ಡಿನಿಂದ ಎಲೆ ತೆಗೆದಾಗ ಮುಖ ನೋಡುವ ಮೊದಲೇ, ಕವುಚಿಟ್ಟು ಹದಿಮೂರು ಎಣಿಸುವುದು ಕೂಡ ನಿಯಮವೇ (7ನೇದು). ಹನ್ನೆರಡು-ಹದಿನಾಲ್ಕು ಬಂದಾಗ ನೋಡುವ ಮೊದಲೇ ಗೊತ್ತಾದರೆ ಸುಲಭವಾಗಿ ಸರಿಹೋಗುತ್ತದೆ. ಬಿಡ್ಡಿಂಗ್ ಮಧ್ಯೆ ಗೊತ್ತಾದರೆ ಒಂದಿಡೀ ಬೋರ್ಡ್ ಹಾಳಾಗಬಹುದು.

ಮೈಸೂರು ಡಮ್ಮಿ

ಡಮ್ಮಿ ಏನೇನು ಮಾಡಬಹುದು ಅನ್ನೋದರಲ್ಲೇ ಹೆಚ್ಚು ಗೊಂದಲ. "ಪಾರ್ಟ್ನರ್, ಹಾರ್ಟ್ ಇಲ್ವಾ?" ಎಂದು ಡಿಕ್ಲೇರರ್‌ಗೆ ಕೇಳಬಹುದಾ?

ಸಿಂಗಲ್‌ಟನ್

ಕೇಳಬಹುದು. ತಪ್ಪು ಕೈಯಿಂದ ಲೀಡ್ ಮಾಡಲು ಹೊರಟಾಗ "ಲೀಡ್ ಡಮ್ಮಿಯಲ್ಲಿದೆ" ಎಂದು ತಡೆಯಲೂಬಹುದು. ಆದರೆ ಆಗಿಹೋದ ತಪ್ಪನ್ನು, ಎದುರಾಳಿಗಳದ್ದಾದರೂ, ಆಟದ ಮಧ್ಯೆ ಮೊದಲು ಎತ್ತಿ ಹೇಳುವಂತಿಲ್ಲ. ಆಟ ಮುಗಿದ ಮೇಲೆ ಹೇಳಬಹುದು. ಡಿಕ್ಲೇರರ್ ಎಲೆ ಹೆಸರಿಸುವ ಮೊದಲೇ ಡಮ್ಮಿಯ ಬೆರಳು ಎಕ್ಕದ ಮೇಲೆ ಹೋಗಿ ಕೂರುತ್ತದಲ್ಲ, ಅದು ಸಲಹೆ ಕೊಟ್ಟಂತೆಯೇ.

ಇನ್ನೊಂದು, ಎದ್ದು ಡಿಕ್ಲೇರರ್ ಬೆನ್ನ ಹಿಂದೆ ನಿಂತು ನೋಡುವುದು, ಪಕ್ಕದ ಡಿಫೆಂಡರ್ ಎಲೆ ಇಣುಕುವುದು. ಹೀಗೆ ಮಾಡಿದ ಡಮ್ಮಿಯ ಕೇಳುವ, ತಡೆಯುವ ಹಕ್ಕುಗಳು ಹೋಗುತ್ತವೆ. ಆಮೇಲೆ "ಹಾರ್ಟ್ ಇಲ್ವಾ?" ಎಂದು ಅವರೇ ಮೊದಲು ಕೇಳಿ ರಿವೋಕ್ ಹೊರಬಿದ್ದರೆ, ಡಿಕ್ಲೇರರ್ ಎಲೆ ಬದಲಿಸಬೇಕು, ಮೇಲಿನಿಂದ ಸ್ಥಿರವಾದ ರಿವೋಕ್‌ನ ದಂಡವನ್ನೂ ತೆರಬೇಕು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುವವರಂತೂ ಒಬ್ಬರ ಕೈ ಮಾತ್ರ ನೋಡಬೇಕು, ಮುಖದಲ್ಲಿ ಏನೂ ತೋರಿಸಬಾರದು, ತಪ್ಪು ಕಂಡರೂ ಹೇಳಬಾರದು.

ಉತ್ತರದಿಕ್ಕು

ಈಗ ಯೋಚನೆಯ ವಿಷಯ. "ಅವರು ಯೋಚಿಸಿದರು, ಅದಕ್ಕೇ ಇವರು ಬಿಡ್ ಮಾಡಿದರು" ಅಂದರೆ ನೇರವಾಗಿ ಮೋಸದ ಆರೋಪ ಎಂದೇ ತಗೊಳ್ಳುತ್ತಾರೆ. ಹೇಗೆ ನಿಭಾಯಿಸುವುದು?

ರೀಡಬಲ್

ಯೋಚಿಸುವುದು ತಪ್ಪಲ್ಲ. ಇದನ್ನು ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಕಟ್ಟುಪಾಡು ಬೀಳುವುದು ಯೋಚಿಸಿದವರ ಮೇಲಲ್ಲ, ಅವರ ಜೊತೆಗಾರರ ಮೇಲೆ.

ದಕ್ಷಿಣ ಒಂದು ಸ್ಪೇಡ್, ಪಶ್ಚಿಮ ಎರಡು ಹಾರ್ಟ್, ಉತ್ತರ ನಾಲ್ಕು ಸ್ಪೇಡ್. ಪೂರ್ವದವರು ಇಪ್ಪತ್ತೈದು ಸೆಕೆಂಡ್ ಬಿಡ್ ಕಾರ್ಡುಗಳ ಡಬ್ಬಿಯ ಮೇಲೆ ಕೈಯಾಡಿಸಿ ಪಾಸ್. ದಕ್ಷಿಣ ಪಾಸ್. ಈಗ ಪಶ್ಚಿಮದವರು ಐದು ಹಾರ್ಟ್. ಪೂರ್ವದವರ ಕೈಯಲ್ಲಿ ಏನೋ ಇದೆ, ಐದು ಹಾರ್ಟ್ ಅಥವಾ ಡಬಲ್ (ಎದುರಾಳಿಯ ಬಿಡ್ ಮೇಲೆ ಪಣ ಏರಿಸುವುದು) ಮನಸ್ಸಿನಲ್ಲಿತ್ತು ಎಂದು ಆ ನಿಧಾನವೇ ಹೇಳಿಬಿಟ್ಟಿತು. ಪಶ್ಚಿಮದವರಿಗೆ ಪಾಸ್ ಕೂಡ ಸಮಂಜಸ ಆಯ್ಕೆಯಾಗಿದ್ದರೆ, ಆ ಸುಳಿವು ತೋರಿಸುವ ಐದು ಹಾರ್ಟ್ ಹಾಕುವಂತಿಲ್ಲ (16ನೇ ನಿಯಮ). ಅವರ ಮಟ್ಟದ ಆಟಗಾರರಲ್ಲಿ ಗಣನೀಯ ಪಾಲು ಜನ ಗಂಭೀರವಾಗಿ ಪರಿಗಣಿಸುವ, ಕೆಲವರಾದರೂ ಆರಿಸಿಕೊಳ್ಳಬಹುದಾದ ಆಯ್ಕೆಯೇ ಸಮಂಜಸ ಆಯ್ಕೆ.

ಟೇಬಲ್ಲಿನಲ್ಲಿ ಮಾಡಬೇಕಾದ್ದು ಎರಡೇ. ನಿಧಾನದ ಪಾಸ್ ಆದಾಗ "ಸ್ವಲ್ಪ ಹೊತ್ತು ಹಿಡಿಯಿತು ಅಂತ ಎಲ್ಲರೂ ಒಪ್ತೀರಾ?" ಎಂದು ಮೆಲ್ಲಗೆ ಕೇಳಿ. ಒಪ್ಪಿದರೆ ಆಟ ಮುಂದುವರಿಯಲಿ. "ಎಲ್ಲಿ ಯೋಚಿಸಿದೆ?" ಅಂದರೆ ಆಗಲೇ ಡೈರೆಕ್ಟರನ್ನು ಕರೆಯಿರಿ, ಏಕೆಂದರೆ ಅರ್ಧ ಗಂಟೆ ಕಳೆದ ಮೇಲೆ ಎಷ್ಟು ಸೆಕೆಂಡ್ ಆಗಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ. ಪಶ್ಚಿಮದವರ ಕೈ ನೋಡಿದ ಮೇಲೂ ಅನುಮಾನ ಉಳಿದರೆ ಆಟ ಮುಗಿದಾಗ ಕರೆಯಿರಿ. ಅವರ ಕೈಯಲ್ಲಿ ಏಳು ಹಾರ್ಟ್, ಸ್ಪೇಡ್ ಒಂದೂ ಇಲ್ಲ, ಯಾರಾದರೂ ಐದು ಹಾರ್ಟ್ ಹಾಕುವಂಥ ಕೈ ಅಂತಾದರೆ ಯಾವ ತಕರಾರೂ ಇಲ್ಲ.

ಡೈರೆಕ್ಟರ್ ಮಾಡಬೇಕಾದ್ದು: ಆ ಕೈಯನ್ನು ಚೀಟಿಯಲ್ಲಿ ಬರೆದು, ಅದೇ ಮಟ್ಟದ ಮೂರ್ನಾಲ್ಕು ಜನಕ್ಕೆ, ಆ ಬೋರ್ಡ್ ಆಡಿ ಮುಗಿಸಿದವರಿಗೆ ಅಥವಾ ಅವತ್ತು ಆಡದವರಿಗೆ, ತೋರಿಸಿ "ಏನು ಮಾಡ್ತೀರಿ, ಇನ್ಯಾವುದು ಯೋಚಿಸ್ತೀರಿ?" ಎಂದು ಕೇಳುವುದು. ನಿಧಾನವಾಯಿತು ಅನ್ನುವ ಮಾತು ಎತ್ತಬಾರದು. ಇದನ್ನು ಮಾಡಿದರೆ ತೀರ್ಪು ಡೈರೆಕ್ಟರ್‌ನ ಸ್ವಂತ ಅಭಿಪ್ರಾಯ ಅನ್ನುವ ಗೊಣಗಾಟವೂ ಕಡಿಮೆ.

ಹದಿಮೂರೆಲೆ

ಮಟ್ಟ ಹಾರಿಸಿ ಬಿಡ್ ಮಾಡಿದಾಗ ಎಡಗಡೆಯವರು ಹತ್ತು ಸೆಕೆಂಡ್ ನಿಂತು ಮುಂದುವರಿಯುವ ಪದ್ಧತಿ ಇಟ್ಟುಕೊಳ್ಳಿ. ಕೈಯಲ್ಲಿ ಏನೂ ಇಲ್ಲದಿದ್ದರೂ ನಿಲ್ಲಬೇಕು, ಸೀಲಿಂಗ್ ನೋಡುತ್ತಾ ಅಲ್ಲ, ತಮ್ಮ ಎಲೆ ನೋಡುತ್ತಾ. ಆಗ ನಿಜವಾದ ಯೋಚನೆಯೂ ಸುಳ್ಳು ಯೋಚನೆಯೂ ಒಂದೇ ಹಾಗೆ ಕಾಣುತ್ತವೆ.

ಇದರ ತದ್ವಿರುದ್ಧ ರೋಗ: ಆ ಸೂಟಿನಲ್ಲಿ ಒಂದೇ ಎಲೆ ಇದ್ದೂ ಯೋಚಿಸುವಂತೆ ನಟಿಸುವುದು. ಡಿಕ್ಲೇರರ್ ಮೋಸಹೋಗಿ ರಾಣಿಯನ್ನು ಆ ಕಡೆ ಹುಡುಕಿದರೆ, ಆ ನಿಧಾನಕ್ಕೆ ಆಟದ ಕಾರಣ ಏನೂ ಇಲ್ಲದಿದ್ದರೆ, ಡೈರೆಕ್ಟರ್ ಅಂಕ ಬದಲಿಸುತ್ತಾರೆ. "ಮುಂದಿನ ಟ್ರಿಕ್ ಯೋಚಿಸ್ತಿದ್ದೆ" ಅನ್ನೋದು ನಡೆಯುವುದಿಲ್ಲ, ಎಲೆ ಹಾಕಿ ಆಮೇಲೆ ಯೋಚಿಸಲಿ.

ಹಳೆ ರಬ್ಬರ್

ಒಪ್ಪಿದೆ. ಹಿಂದಿನದಕ್ಕಿಂತ ಕಡಿಮೆ ಬಿಡ್ ಆದಾಗ ಏನು ಮಾಡೋದು? ಒಂದು ನೋ ಟ್ರಂಪ್, ಎರಡು ಸ್ಪೇಡ್, ಅದರ ಮೇಲೆ ಎರಡು ಹಾರ್ಟ್. "ಅಯ್ಯೋ, ಮೂರು ಹಾರ್ಟ್" ಎಂದು ತಿದ್ದಿಕೊಂಡು ಹೋಗೋದು ಎಲ್ಲ ಕಡೆ ನೋಡುವ ದೃಶ್ಯ.

ಸಿಂಗಲ್‌ಟನ್

ಡೈರೆಕ್ಟರ್ ಬರುವವರೆಗೆ ತಿದ್ದಬಾರದು, ಅದೇ ಮೊದಲ ಮಾತು. ಎಡಗಡೆಯವರಿಗೆ ಆ ಎರಡು ಹಾರ್ಟನ್ನೇ ಒಪ್ಪಿಕೊಳ್ಳುವ ಹಕ್ಕಿದೆ, ಎರಡು ಸ್ಪೇಡ್ ಮತ್ತೆ ಹೇಳಲು ಅವರಿಗೆ ಅನುಕೂಲವಾಗಬಹುದು. ಒಪ್ಪದಿದ್ದರೆ, ಅದೇ ಸೂಟನ್ನು ಸೂಚಿಸುವ ಅತಿ ಕಡಿಮೆ ಸರಿಯಾದ ಬಿಡ್, ಅಂದರೆ ಮೂರು ಹಾರ್ಟ್, ಹಾಕಿದರೆ ಜೊತೆಗಾರರಿಗೆ ನಿರ್ಬಂಧವಿಲ್ಲ. ಮೊದಲಿನ ಬಿಡ್‌ನಷ್ಟೇ ಅಥವಾ ಅದಕ್ಕಿಂತ ನಿಖರ ಅರ್ಥ ಕೊಡುವ ಬಿಡ್ ಆದರೂ ಹಾಗೆಯೇ. ಬೇರೆ ಏನಾದರೂ ಹಾಕಿದರೆ ಜೊತೆಗಾರರು ಆ ಬಿಡ್ಡಿಂಗ್ ಮುಗಿಯುವವರೆಗೆ ಪಾಸ್ ಮಾಡುತ್ತಲೇ ಕೂರಬೇಕು. ಇವರು ಯಾವ ಉದ್ದೇಶದಿಂದ ಎರಡು ಹಾರ್ಟ್ ಹಾಕಿದರು ಎಂದು ಕೇಳುವುದಾದರೆ ಡೈರೆಕ್ಟರ್ ಅವರನ್ನು ಟೇಬಲ್ಲಿನಿಂದ ಆಚೆ ಕರೆದೊಯ್ದು ಕೇಳಬೇಕು, ಎಲ್ಲರ ಮುಂದೆ ಅಲ್ಲ.

ಡಬ್ಬಿಯಿಂದ ಕೈ ತಪ್ಪಿ ಪಕ್ಕದ ಕಾರ್ಡ್ ಬಂದದ್ದು ಬೇರೆ ವಿಷಯ. ಅದನ್ನು ಜೊತೆಗಾರರು ಬಿಡ್ ಮಾಡುವವರೆಗೆ ಬದಲಿಸಬಹುದು. ಆದರೆ ಮನಸ್ಸು ಬದಲಾದದ್ದನ್ನು ಕೈ ತಪ್ಪಿತು ಅನ್ನುವಂತಿಲ್ಲ.

ಮೈಸೂರು ಡಮ್ಮಿ

ಕ್ಲೇಮ್ ಬಗ್ಗೆಯೂ ಹೇಳಿ. "ಉಳಿದದ್ದೆಲ್ಲ ನಂದೇ" ಎಂದು ಎಲೆ ಕೆಳಗಿಡುತ್ತಾರೆ, ಎದುರಿನವರ ಕೈಯಲ್ಲಿ ಒಂದು ಸಣ್ಣ ಟ್ರಂಪ್ ಕೂತಿರುತ್ತದೆ.

ಸಿಂಗಲ್‌ಟನ್

ಮೂರು ಪ್ರಶ್ನೆ. ಆ ಟ್ರಂಪ್ ಬಗ್ಗೆ ಕ್ಲೇಮ್‌ನಲ್ಲಿ ಏನಾದರೂ ಹೇಳಿದರೇ? ಅದು ಹೊರಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಅನ್ನುವ ಸಾಧ್ಯತೆ ಇದೆಯೇ? ಅಜಾಗರೂಕತೆಯ ಆಟವೂ ಸೇರಿದಂತೆ ಯಾವುದಾದರೂ ಸಾಮಾನ್ಯ ಆಟದಲ್ಲಿ ಅದು ಟ್ರಿಕ್ ಗೆಲ್ಲಬಹುದೇ? ಹೇಳಿಲ್ಲ, ಸಾಧ್ಯತೆ ಇದೆ, ಗೆಲ್ಲಬಹುದು ಅಂತಾದರೆ ಟ್ರಿಕ್ ಎದುರಾಳಿಗೆ. ಆದ್ದರಿಂದ ಕ್ಲೇಮ್ ಮಾಡುವಾಗ ಕ್ರಮ ಹೇಳಿ: "ಹೊರಗಿರುವ ಒಂದು ಟ್ರಂಪ್ ಎಳೆದು, ಎರಡು ಡೈಮಂಡ್, ಕೊನೆಗೆ ಕ್ಲಬ್ ಎಕ್ಕ." ಹತ್ತು ಸೆಕೆಂಡಿನ ಮಾತು. ಕ್ಲೇಮ್ ಆದ ಮೇಲೆ ಎದುರಾಳಿಗಳು ಕೇಳಿಕೊಂಡು ನಾಲ್ವರೂ ಒಪ್ಪಿದರೆ ಮಾತ್ರ ಆಟ ಮುಂದುವರಿಸಬಹುದು, ಒಬ್ಬರು ಬೇಡವೆಂದರೂ ಡೈರೆಕ್ಟರ್.

ಉತ್ತರದಿಕ್ಕು

ಬೈಯುವುದರ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನ ಲೆಕ್ಕದಲ್ಲಿ ಟೇಬಲ್ ಕಡಿಮೆಯಾಗುವುದು ನಿಯಮದಿಂದಲ್ಲ, ಇದರಿಂದ.

ಹಳೆ ರಬ್ಬರ್

ಅಲ್ಲಿ ನಾನು ನಿಮ್ಮೆಲ್ಲರಿಗಿಂತ ಬಿಗಿ. ಗಂಡ-ಹೆಂಡತಿ ಜೋಡಿ ಇರಲಿ, ಗುರು-ಶಿಷ್ಯರಿರಲಿ, "ಯಾಕಮ್ಮ ರಾಜ ಹಾಕಿದೆ?" ಅನ್ನುವ ಪಾಠ ಟೇಬಲ್ಲಿನಲ್ಲಿ ಬೇಡ. ಎದುರಾಳಿಗೆ ಪಾಠ ಹೇಳುವುದಂತೂ ಬೇಡವೇ ಬೇಡ. 74ನೇ ನಿಯಮ ಇಡೀ ಇದರ ಬಗ್ಗೆಯೇ ಇದೆ: ಸರದಿ ಬರುವ ಮೊದಲೇ ಎಲೆ ಎಳೆದು ಹಿಡಿಯುವುದು, ಎದುರಿನವರು ಯಾವ ಮೂಲೆಯಿಂದ ಎಲೆ ತೆಗೆಯುತ್ತಾರೆ ಎಂದು ದಿಟ್ಟಿಸುವುದು, ಡಬಲ್ ಕಾರ್ಡನ್ನು ಮೇಜಿಗೆ ಬಡಿಯುವುದು, ಗೆಲುವಿಗೆ ಹಿಗ್ಗಿ ಸೋತವರನ್ನು ಚುಚ್ಚುವುದು.

ಮೆಟ್ಟಿಲು ಹೀಗಿಡಿ. ಮೊದಲ ಸಲ ಡೈರೆಕ್ಟರ್ ಬಂದು ತಗ್ಗಿದ ದನಿಯಲ್ಲಿ ಎಚ್ಚರಿಕೆ, ಹೆಸರು ಪುಸ್ತಕದಲ್ಲಿ ನಮೂದು. ಅದೇ ಸಂಜೆ ಎರಡನೇ ಸಲ ಒಂದು ಟಾಪ್‌ನ ಕಾಲು ಭಾಗ ಕಡಿತ, ನಿಮ್ಮ ಏಳು ಟೇಬಲ್ಲಿನಲ್ಲಿ 3 ಅಂಕ. ಮೂರನೇ ಸಲ ಉಳಿದ ಆಟದಿಂದ ಹೊರಗೆ, 91ನೇ ನಿಯಮ ಆ ಅಧಿಕಾರ ಕೊಡುತ್ತದೆ. ಕಮಿಟಿ ಅಧ್ಯಕ್ಷರಿಗೂ ಇದೇ ಮೆಟ್ಟಿಲು. ಅವರನ್ನು ಬಿಟ್ಟು ಹೊಸಬರಿಗೆ ಮಾತ್ರ ದಂಡ ಹಾಕಿದ ದಿನ ಪಟ್ಟಿಯನ್ನು ಗೋಡೆಯಿಂದ ಕಿತ್ತುಬಿಡಿ.

ಹದಿಮೂರೆಲೆ

ನಿಧಾನದ ಬಗ್ಗೆ ಚುಟುಕಾಗಿ. ಒಂದು ಬೋರ್ಡಿಗೆ ಏಳೂವರೆ ನಿಮಿಷ, ಮೂರು ಬೋರ್ಡಿನ ರೌಂಡಿಗೆ 22-23 ನಿಮಿಷ. ಗಡಿಯಾರ ಎಲ್ಲರಿಗೂ ಕಾಣಬೇಕು. ಹಿಂದಿನ ಕೈ ಬಗ್ಗೆ ಪೋಸ್ಟ್‌ಮಾರ್ಟಂ ಮಾಡುತ್ತಾ ಮೂರನೇ ಬೋರ್ಡ್ ತಡವಾದರೆ ಡೈರೆಕ್ಟರ್ ಅದನ್ನು ತೆಗೆದು, ತಡಮಾಡಿದವರಿಗೆ 40 ಶೇಕಡಾ, ತಪ್ಪಿಲ್ಲದವರಿಗೆ 60 ಶೇಕಡಾ ಕೊಡಬಹುದು.

ರೀಡಬಲ್

ಆಡುತ್ತಲೇ ಡೈರೆಕ್ಟರ್ ಆಗಿರುವವರ ಬಗ್ಗೆ. ಬಂದವರು ಮೊದಲು ಹೇಳಬೇಕಾದ್ದು "ಯಾರೂ ಎಲೆ ತೋರಿಸಬೇಡಿ, ಏನಿದೆ ಎಂದು ಹೇಳಬೇಡಿ." ಆ ಬೋರ್ಡ್ ಅವರು ಇನ್ನೂ ಆಡಿರದಿದ್ದರೆ, ತೀರ್ಪು ಕೊಡಲು ಹೋಗಿ ಅವರ ಆಟವೇ ಕೆಡುತ್ತದೆ. ಅದಕ್ಕೆ ಪ್ರತಿ ಸಂಜೆ ಇನ್ನೊಬ್ಬರನ್ನು, ಆದಷ್ಟೂ ಎದುರು ದಿಕ್ಕಿನ ಬೇರೆ ಟೇಬಲ್ಲಿನವರನ್ನು, ಬದಲಿಯಾಗಿ ಗೊತ್ತುಮಾಡಿ ಆಟ ಶುರುವಾಗುವ ಮೊದಲೇ ಘೋಷಿಸಿ. ಡೈರೆಕ್ಟರ್ ಸ್ವಂತ ಟೇಬಲ್ಲಿನ ತಕರಾರೂ ಅವರಿಗೇ ಹೋಗಲಿ. ಯಾಂತ್ರಿಕ ತೀರ್ಪುಗಳನ್ನು ಪುಸ್ತಕ ತೆರೆದು ಓದಿಯೇ ಹೇಳಿ, ನೆನಪಿನಿಂದ ಬೇಡ. ಓದಿ ಹೇಳಿದ್ದಕ್ಕೆ ವಾದ ಕಡಿಮೆ. ನಾಳೆ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವವರಿಗೂ ಅಲ್ಲಿಯ ರೀತಿ ಇಲ್ಲೇ ರೂಢಿಯಾಗುತ್ತದೆ.

ಮೈಸೂರು ಡಮ್ಮಿ

ಕೊನೆಯದೊಂದು. ಸರದಿ ತಪ್ಪಿ ಓಪನಿಂಗ್ ಲೀಡ್ ಆದರೆ ಐದು ಆಯ್ಕೆ ಅಂತಾರಲ್ಲ, ಯಾವುವು?

ಸಿಂಗಲ್‌ಟನ್

ಡಿಕ್ಲೇರರ್‌ಗೆ ಈ ಐದು. ಲೀಡ್ ಒಪ್ಪಿ, ತನ್ನ ಕೈಯನ್ನೇ ಹರಡಿ ತಾನು ಡಮ್ಮಿಯಾಗಬಹುದು. ಲೀಡ್ ಒಪ್ಪಿ, ಡಮ್ಮಿ ನೋಡಿ, ತನ್ನ ಕೈಯಿಂದ ಎರಡನೇ ಎಲೆ ಹಾಕಬಹುದು. ಒಪ್ಪದೆ, ಸರಿಯಾದ ಡಿಫೆಂಡರ್ ಅದೇ ಸೂಟ್ ಲೀಡ್ ಮಾಡಲಿ ಅನ್ನಬಹುದು. ಆ ಸೂಟ್ ಬೇಡ ಅನ್ನಬಹುದು, ಅವರ ಬಳಿ ಲೀಡ್ ಇರುವವರೆಗೂ ಆ ನಿಷೇಧ ಇರುತ್ತದೆ. ಈ ಎರಡರಲ್ಲಿ ತಪ್ಪು ಎಲೆ ವಾಪಸ್ ಕೈಗೆ. ಇಲ್ಲವೇ ಯಾವ ಲೀಡ್ ಬೇಕಾದರೂ ಮಾಡಲಿ ಎಂದು ಬಿಟ್ಟು, ಆ ಎಲೆಯನ್ನು ಮೇಜಿನ ಮೇಲೆ ದಂಡದ ಎಲೆಯಾಗಿ ಉಳಿಸಬಹುದು.

ಇಷ್ಟೆಲ್ಲ ಬರುವುದೇ ಎಲೆಯ ಮುಖ ಮೇಲಾಗಿ ಲೀಡ್ ಮಾಡಿದಾಗ. ಮೊದಲ ಲೀಡ್ ಕವುಚಿಟ್ಟು, "ಪ್ರಶ್ನೆ ಇದೆಯಾ?" ಎಂದು ಕೇಳಿ, ಆಮೇಲೆ ತಿರುಗಿಸಬೇಕು ಎಂದು ನಿಮ್ಮ ಪಟ್ಟಿಯಲ್ಲಿ ಹಾಕಿ. ಆಗ ತಪ್ಪಿದ ಲೀಡ್ ಇದ್ದರೆ ಡೈರೆಕ್ಟರ್ ಹೇಳಿದ ಮೇಲೆ ದಂಡವಿಲ್ಲದೆ ವಾಪಸ್ ತೆಗೆಯಬಹುದು.

ಉತ್ತರದಿಕ್ಕು

ಪಟ್ಟಿ ಬರೆದು ಇಲ್ಲೇ ಹಾಕುತ್ತೇನೆ. ಮೇಲ್ಮನವಿಗೆ ಗಡುವು ಎಷ್ಟು ಬರೆಯಲಿ?

ರೀಡಬಲ್

ಕ್ಲಬ್ ಬೇರೆ ನಿಗದಿ ಮಾಡದಿದ್ದರೆ ಫಲಿತಾಂಶ ಹಾಕಿದ ಮೇಲೆ 30 ನಿಮಿಷ, ಜೋಡಿಯ ಇಬ್ಬರೂ ಒಪ್ಪಿರಬೇಕು. ಜನ ಕೊನೆಯ ಬಸ್ಸಿಗೆ ಓಡುವವರಾದರೆ ಅಂಕಪಟ್ಟಿಯನ್ನು ಗುಂಪಿಗೆ ಕಳಿಸಿ ಮರುದಿನ ಮಧ್ಯಾಹ್ನದವರೆಗೆ ಎಂದು ಬರೆಯಿರಿ, ಸಂಘಟಕರಿಗೆ ಆ ಸ್ವಾತಂತ್ರ್ಯ ಇದೆ.